ಶಹಬಾಜ್ ಸಾಹೇಬರು ಸೇವೆಯಲ್ಲಿದ್ದಾರೆ

ಕದಿರೇಶನಿಗೆ ಕಂಪ್ಯೂಟರ್ ಚೆನ್ನಾಗಿ ಗೊತ್ತಿತ್ತು. ಇದನ್ನು ಅವನೇ ಎಲ್ಲರಿಗೂ ಹೇಳಿದ್ದರಿಂದ ಅನುಮಾನಕ್ಕೆ ಆಸ್ಪದವಿರಲಿಲ್ಲ.

ಅವನಿಗೆ ಕೋಲಾರದ ಹೊರಗಿರುವ ಅಂತರಗಂಗೆ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಕೆಲಸ. ಪಿಎಚ್‌ಡಿ ಪ್ರಬಂಧಗಳನ್ನೆಲ್ಲ ಕೂಡಿಡುವ ಡಿಜಿಟಲ್ ಭಂಡಾರವೊಂದು ಅಲ್ಲಿತ್ತು. ಆ ಭಂಡಾರದ ಬಾಗಿಲು ಎಲ್ಲರಿಗೂ ಒಂದೇ ಅಳತೆಗೆ ತೆರೆಯುವುದಿಲ್ಲ. ವಿದ್ಯಾರ್ಥಿಗಳ ಗುಂಪಿಗೆ ಸಾರಾಂಶ ಮಾತ್ರ ಕಾಣಬೇಕು. ಮೇಷ್ಟ್ರುಗಳ ಗುಂಪಿಗೆ ಅವರವರ ವಿಷಯದ ಪ್ರಬಂಧ ಪೂರ್ತಿ ಕಾಣಬೇಕು. ಹೊಸ ಪ್ರಬಂಧ ಒಳಗೆ ಹೋಗಬೇಕಾದರೆ ಉಪ ಕುಲಸಚಿವರು ಒಪ್ಪಿಗೆ ಒತ್ತಬೇಕು. ಇವರೆಲ್ಲರಿಗೂ ಖಾತೆ ತೆರೆದು, ಯಾರು ಯಾವ ಗುಂಪು ಎಂದು ಹೇಳುವ ಅಧಿಕಾರ ಮಾತ್ರ ನಿರ್ವಾಹಕನದು. ಆ ಕೆಲಸವನ್ನು ಕದಿರೇಶ ಹೆಸರು ಹೆಸರಾಗಿ ಕೈಯಲ್ಲೇ ಟೈಪು ಮಾಡಿ ನಡೆಸುತ್ತಿದ್ದ. ಹೊಸದಾಗಿ ಬಂದವರಿಗೆ ಖಾತೆ ಸಿಗುವ ಹೊತ್ತಿಗೆ ಅವರು ಓದು ಮುಗಿಸಿ ಮದುವೆಯಾಗಿರುತ್ತಿದ್ದರು.

ಹೀಗಿರುವಾಗ, ವಿಶ್ವವಿದ್ಯಾಲಯಕ್ಕೆ ಅಂಕ ಕೊಡುವ ಮೌಲ್ಯಮಾಪನ ಸಮಿತಿ ಬರುತ್ತದೆಂದು ಸುದ್ದಿ ಬಂತು. ಕುಲಸಚಿವ ಕೋದಂಡರಾಮಪ್ಪನವರು ಸಭೆ ಕರೆದು, ಖಾತೆಗಳ ಕೆಲಸ ಯಾಕೆ ಹಿಂದೆ ಬಿದ್ದಿದೆ ಎಂದು ಕೇಳಿದರು. ಆಗ ಕದಿರೇಶ ಎದ್ದು ನಿಂತ. ಅವನು ಹಿಂದಿನ ವಾರವಷ್ಟೇ ಒಂದು ತರಬೇತಿಗೆ ಹೋಗಿ ಬಂದಿದ್ದ. ಬೆಳಗಿನ ಪಾಠವನ್ನು ಪೂರ್ತಿ ಕೇಳಿದ್ದ. ಮಧ್ಯಾಹ್ನದ ಊಟ ಬಹಳ ಚೆನ್ನಾಗಿದ್ದುದರಿಂದ ಆಮೇಲಿನ ಪಾಠಗಳು ಅವನವರೆಗೆ ತಲುಪಿರಲಿಲ್ಲ.

"ಅದನ್ನೆಲ್ಲ ತಾನಾಗೇ ಆಗೋ ಹಾಗೆ ಮಾಡ್ಬೋದು ಸಾರ್. ಸಿಬ್ಬಂದಿ ಪಟ್ಟಿ ಒಂದು ಕೊಟ್ಟುಬಿಟ್ರೆ ಮಿಷನ್ನೇ ಓದ್ಕೊಂಡು, ಯಾರಿಗೆ ಯಾವ ಗುಂಪು ಅಂತ ಅದೇ ಹಂಚುತ್ತೆ. ದಿನಾ ಮಧ್ಯಾಹ್ನ ಹನ್ನೆರಡಕ್ಕೆ ಪಟ್ಟಿ ಇನ್ನೊಂದ್ಸಲ ನೋಡಿ, ಎಲ್ಲಾದ್ರೂ ತಪ್ಪಿದ್ರೆ ಅದೇ ತಿದ್ದುತ್ತೆ."

"ಮನುಷ್ಯರು ಬೇಡ್ವೇನಯ್ಯ?" ಅಂದರು ಕೋದಂಡರಾಮಪ್ಪನವರು.

"ಬೇಡ ಸಾರ್."

ಮನುಷ್ಯರು ಬೇಡದ ಯೋಜನೆ ಎಂದರೆ ಕೋದಂಡರಾಮಪ್ಪನವರಿಗೆ ಪ್ರಾಣ. "ಸರಿ, ಮಾಡು" ಅಂದುಬಿಟ್ಟರು.

ಸಭೆಯಿಂದ ಎದೆಯುಬ್ಬಿಸಿ ಹೊರಬಂದ ಕದಿರೇಶನಿಗೆ ಸಿಬ್ಬಂದಿ ಶಾಖೆಯ ಬೆಂಚಿನ ಮೇಲೆ ತರನ್ನುಮ್ ಕುಳಿತಿದ್ದುದು ಕಂಡಿತು. ಮಾಲೂರಿನವಳು, ಎಂ.ಎ. ಮಾಡಿದವಳು. ಅವಳ ಗಂಡ ಶಹಬಾಜ್ ಇದೇ ಗ್ರಂಥಾಲಯದ ಸಹಾಯಕ ಗ್ರಂಥಪಾಲಕನಾಗಿದ್ದ, ಭಂಡಾರವನ್ನು ಕಟ್ಟಿ ನಿಲ್ಲಿಸಿದವನೇ ಅವನು. ಕದಿರೇಶನಿಗೆ ಮೌಸ್ ಹಿಡಿಯುವುದನ್ನು ಕಲಿಸಿದವನೂ ಅವನೇ. ಹೆಚ್ಚುಕಡಿಮೆ ಎರಡು ವರ್ಷದ ಕೆಳಗೆ ಟೇಕಲ್ ತಿರುವಿನಲ್ಲಿ ಲಾರಿಯೊಂದು ಅವನ ಬೈಕಿಗೆ ಗುದ್ದಿತ್ತು. ಅಂದಿನಿಂದ ತರನ್ನುಮ್ ಅನುಕಂಪದ ಆಧಾರದ ನೌಕರಿಗಾಗಿ ಈ ಬೆಂಚಿನ ಮೇಲೆ ಕೂರುತ್ತಿದ್ದಳು. ಬೆಂಚು ಅವಳನ್ನು ಗುರುತು ಹಿಡಿಯುವಂತಾಗಿತ್ತು. ಕಚೇರಿ ಮಾತ್ರ ಇನ್ನೂ ಹಿಡಿದಿರಲಿಲ್ಲ.

ಕಚೇರಿಯ ತೊಂದರೆಯೂ ಸಣ್ಣದಲ್ಲ. ಶಹಬಾಜ್ ಕೆಲಸ ಮಾಡಿದ್ದು ಕೋಲಾರದಲ್ಲಾದರೂ ಅವನ ಹುದ್ದೆ ಇದ್ದದ್ದು ಮುಳಬಾಗಿಲಿನ ಕಾಲೇಜಿನಲ್ಲಿ. ಅಲ್ಲಿಂದ ನಿಯೋಜನೆಯ ಮೇಲೆ ಇಲ್ಲಿಗೆ ಬಂದಿದ್ದ. ಹಾಗಾಗಿ ಅವನು ಸತ್ತದ್ದನ್ನು ಮುಳಬಾಗಿಲಿನವರೇ ತಿಳಿಸಬೇಕು. ಮುಳಬಾಗಿಲಿನವರು ಸತ್ಯವಂತರು. "ಸದರಿಯವರು ಇಲ್ಲಿ ಬದುಕಿದ್ದುದನ್ನೇ ನಾವು ನೋಡಿಲ್ಲವಾದ್ದರಿಂದ, ಸತ್ತಿದ್ದನ್ನು ದೃಢೀಕರಿಸಲು ಬರುವುದಿಲ್ಲ" ಎಂದು ಬರೆದು ಕಳಿಸಿದ್ದರು. ಸಿಬ್ಬಂದಿ ಪಟ್ಟಿಯಲ್ಲಿ ಶಹಬಾಜ್ ಇನ್ನೂ ಸೇವೆಯಲ್ಲಿದ್ದ.

ಕೊನೆಗೆ ಸಿಬ್ಬಂದಿ ಶಾಖೆಯ ಅಧೀಕ್ಷಕಿ ಪದ್ಮಶ್ರೀ ಒಂದು ದಾರಿ ಹುಡುಕಿದ್ದರು. ಅವತ್ತು ಕದಿರೇಶನನ್ನೂ ಒಳಗೆ ಕರೆದು, ತರನ್ನುಮ್ ಎದುರಿಗೇ ಹೇಳಿದರು.

"ನೋಡಮ್ಮ, ಎರಡು ವರ್ಷ ಒಬ್ರ ಹೆಸರಲ್ಲಿ ಏನೊಂದೂ ನಡೆದಿಲ್ಲ ಅಂದ್ರೆ, ಮುಳಬಾಗಿಲು ಬೇಡ, ಯಾರೂ ಬೇಡ. ಆಡಳಿತ ನಡೆಸೋ ಸಿಂಡಿಕೇಟೇ ಹುದ್ದೆ ಖಾಲಿ ಅಂತ ಮಾಡ್ಬೋದು. ಮುಂದಿನ ತಿಂಗಳ ಸಭೆಗೆ ಎರಡು ವರ್ಷ ತುಂಬುತ್ತೆ. ಅವತ್ತೇ ನಿನ್ನ ಫೈಲ್ ಇಡ್ತೀನಿ. ಅಲ್ಲೀವರೆಗೂ ಅವ್ರ ಹೆಸರಲ್ಲಿ ಒಂದು ಸೊಳ್ಳೆನೂ ಅಲ್ಲಾಡಬಾರ್ದು. ಕದಿರೇಶ, ಕೇಳಿಸ್ತೇನಪ್ಪ?"

"ಕೇಳಿಸ್ತು ಮೇಡಂ. ಇನ್ಮೇಲೆ ನನ್ನ ಮಿಷನ್ ಬರುತ್ತಲ್ಲ, ಎಲ್ಲಾನೂ ಸರಿ ಮಾಡುತ್ತೆ. ಭಾಭಿ, ನೀವು ಆ ಕೆಲಸ ನಿಮ್ದೇ ಅಂದ್ಕೊಳ್ಳಿ."

"ಅಂದ್ಕೊಳ್ಳೋದು ಸಾಕಾಗಿದೆ ಕದಿರೇಶಣ್ಣ" ಅಂದಳು ತರನ್ನುಮ್.

ಕದಿರೇಶ ಪದ್ಮಶ್ರೀಯವರಿಂದ ಸಿಬ್ಬಂದಿ ಪಟ್ಟಿ ತೆಗೆದುಕೊಂಡು ಹೋದ.

ಈ ಪಟ್ಟಿಯ ಬಗ್ಗೆ ಒಂದು ಮಾತು ಹೇಳಬೇಕು. ಅಂತರಗಂಗೆ ವಿಶ್ವವಿದ್ಯಾಲಯದಲ್ಲಿ ಯಾರೂ ತಮ್ಮ ಹುದ್ದೆಯಲ್ಲಿರಲಿಲ್ಲ. ಕುಲಸಚಿವ ಕೋದಂಡರಾಮಪ್ಪನವರು ಪಟ್ಟಿಯ ಪ್ರಕಾರ ಶ್ರೀನಿವಾಸಪುರದ ಕಾಲೇಜಿನ ರೇಷ್ಮೆ ಮೇಷ್ಟ್ರು. ಅವರ ಕಾರಿನ ಡ್ರೈವರು ಪಟ್ಟಿಯ ಪ್ರಕಾರ ರಸಾಯನಶಾಸ್ತ್ರದ ಪ್ರಯೋಗಾಲಯ ಸಹಾಯಕ. ಗೇಟು ಕಾಯುವ ಸೊಣ್ಣಪ್ಪನ ಕಥೆ ಇವೆಲ್ಲಕ್ಕಿಂತ ದೊಡ್ಡದು. ಗೇಟಿನ ಹುದ್ದೆಯನ್ನು ಸರ್ಕಾರ ರದ್ದು ಮಾಡಿದಾಗ, ಹಳೆ ಮನುಷ್ಯನನ್ನು ಮನೆಗೆ ಕಳಿಸಲು ಯಾರಿಗೂ ಮನಸ್ಸಾಗದೆ, ಆಗ ಖಾಲಿಯಿದ್ದ ಒಂದೇ ಒಂದು ಹುದ್ದೆಯ ಎದುರು ಅವನನ್ನು ತೋರಿಸಲಾಗಿತ್ತು. ಅದು ಉಪ ಕುಲಸಚಿವರ ಹುದ್ದೆ. ಉಪ ಕುಲಸಚಿವರ ಕೆಲಸವನ್ನು ಬೇರೆ ಯಾರೋ ನೋಡಿಕೊಳ್ಳುತ್ತಿದ್ದರು. ಅವರು ಪಟ್ಟಿಯ ಪ್ರಕಾರ ಕ್ರೀಡಾ ಇಲಾಖೆಯವರು.

ಇದರಿಂದ ಯಾರಿಗೂ ಏನೂ ತೊಂದರೆಯಿರಲಿಲ್ಲ. ಪಟ್ಟಿ ಅದರ ಪಾಡಿಗೆ ಇತ್ತು, ಜನ ಅವರ ಪಾಡಿಗೆ ಇದ್ದರು. ಎಲ್ಲರಿಗೂ ಎಲ್ಲವೂ ಗೊತ್ತಿತ್ತು. ಕದಿರೇಶನಿಗೂ ಗೊತ್ತಿತ್ತು. ಇಡೀ ಜಿಲ್ಲೆಗೆ ಗೊತ್ತಿರುವುದನ್ನು ಮಿಷನ್ನಿಗೆ ಬೇರೆ ಹೇಳಬೇಕೆ ಎಂದು ಅವನು ಹೇಳಲಿಲ್ಲ, ಅಷ್ಟೆ.

ಮರುದಿನ ಬೆಳಿಗ್ಗೆ ಮಾನಿಟರಿಗೆ ಊದಿನಕಡ್ಡಿ ಹಚ್ಚಿ ಕದಿರೇಶ ಗುಂಡಿ ಒತ್ತಿದ. ಮಿಷನ್ ಪಟ್ಟಿಯನ್ನು ಓದಿತು. ಅದರಲ್ಲಿ ಇದ್ದದ್ದನ್ನೆಲ್ಲ ನಂಬಿತು.

ಮೊದಲು ಫೋನ್ ಬಂದದ್ದು ಕುಲಸಚಿವರ ಕೋಣೆಯಿಂದ.

"ಏನಯ್ಯ ಇದು? ಭಂಡಾರ ತೆಗೆದ್ರೆ ನನಗೆ ಬರೀ ರೇಷ್ಮೆಹುಳ ಕಾಣ್ತಿದೆ."

"ಒಂದ್ನಿಮಿಷ ಸಾರ್" ಅಂದು ಕದಿರೇಶ ಅವರನ್ನು ಸರಿಯಾದ ಗುಂಪಿಗೆ ಸೇರಿಸಲು ನಿರ್ವಾಹಕರ ಪುಟ ತೆರೆದ. 'ಈ ಪುಟ ನೋಡಲು ನಿಮಗೆ ಅನುಮತಿ ಇಲ್ಲ' ಎಂದು ಬಂತು. ಕದಿರೇಶ ಕನ್ನಡಕ ಒರೆಸಿಕೊಂಡು ಮತ್ತೆ ಒತ್ತಿದ. ಮಿಷನ್ ಕನ್ನಡಕಕ್ಕೆ ಬಗ್ಗುವ ಪೈಕಿಯಲ್ಲ.

ಕದಿರೇಶನ ಹುದ್ದೆಯೂ ಗ್ರಂಥಾಲಯದಲ್ಲಿರಲಿಲ್ಲ. ಸೇರುವಾಗ ಜಾಗವಿಲ್ಲದೆ ಅವನನ್ನು ತೋಟದ ಲೆಕ್ಕದಲ್ಲಿ ದಿನಗೂಲಿಗೆ ತೆಗೆದುಕೊಂಡಿದ್ದರು. ಶಹಬಾಜ್ ಇದ್ದಾಗ ತನ್ನ ಅಧಿಕಾರ ಬಳಸಿ ಅವನನ್ನು ನಿರ್ವಾಹಕರ ಗುಂಪಿಗೆ ಸೇರಿಸಿದ್ದ. ಮಿಷನ್ ಈಗ ಆ ತಪ್ಪನ್ನು ತಿದ್ದಿ, ಅವನನ್ನು ತೋಟಕ್ಕೆ ಕಳಿಸಿತ್ತು. ಊರು ಮುಳಬಾಗಿಲಾದರೂ, ಪಟ್ಟಿಯಲ್ಲಿ ಗ್ರಂಥಪಾಲಕ ಎಂಬ ಹುದ್ದೆಯಲ್ಲಿದ್ದವನು ಒಬ್ಬನೇ. ಆದ್ದರಿಂದ ಭಂಡಾರದ ಏಕೈಕ ನಿರ್ವಾಹಕ, ಶಹಬಾಜ್.

ಮಿಷನ್ನನ್ನು ನಿಲ್ಲಿಸೋಣವೆಂದರೆ, ನಿಲ್ಲಿಸುವುದನ್ನು ತರಬೇತಿಯಲ್ಲಿ ಊಟದ ನಂತರ ಹೇಳಿಕೊಟ್ಟಿದ್ದರು.

ಅಷ್ಟರಲ್ಲಿ ಗೇಟಿನಿಂದ ಸೊಣ್ಣಪ್ಪ ಬಂದ. ಗೌನಿಪಲ್ಲಿ ಕಡೆಯವನು, ಅರ್ಧ ಮಾತು ತೆಲುಗಿನಲ್ಲೇ. ಅವನ ಫೋನು ಒಂದೇ ಸಮನೆ ಕುಂಯ್‌ಗುಡುತ್ತಿತ್ತು.

"ಏಮಯ್ಯಾ ಕದಿರೇಶ, ಏನೋ ಪ್ರಬಂಧ ಒಪ್ಪಿಗೆಗೆ ಕಾದಿದೆ, ಕಾದಿದೆ ಅಂತ ಬರ್ತಾನೇ ಇದೆ. ಎವರು ವೀಳ್ಳಂತಾ, ಯಾರಂತೆ ಇವರೆಲ್ಲ?"

"ಅವರೆಲ್ಲ ಪಿಎಚ್‌ಡಿಯವರು ಸೊಣ್ಣಪ್ಪಣ್ಣ. ನೀನು ಒಪ್ಪಿಗೆ ಕೊಟ್ರೇನೇ ಅವರ ಪ್ರಬಂಧ ಒಳಗೆ ಹೋಗೋದು. ಸುಮ್ನೆ ಎಲ್ಲಾದಕ್ಕೂ ಒತ್ತಿಬಿಡು."

ಸೊಣ್ಣಪ್ಪ ಫೋನನ್ನೊಮ್ಮೆ ನೋಡಿದ. ಗೇಟಿನ ಕಡೆ ಒಮ್ಮೆ ನೋಡಿದ. ಮೂವತ್ತು ವರ್ಷ ಬಂದವರಿಗೆಲ್ಲ ಬಾಗಿಲು ತೆಗೆದ ಕೈ ಅದು.

"ಅಟ್ಲಾ ಎಲ್ಲಾ ಕುದರ್ದು" ಅಂದ. "ಹಾಗೆಲ್ಲ ಆಗಲ್ಲಪ್ಪ. ಒಂದು ಪದ್ಧತಿ ಅಂತ ಇರುತ್ತೆ."

ಮಧ್ಯಾಹ್ನದ ಹೊತ್ತಿಗೆ ಗೇಟಿನ ಪಕ್ಕದ ಪ್ಲಾಸ್ಟಿಕ್ ಕುರ್ಚಿಗೆ ಟವೆಲ್ಲು ಹೊದಿಸಲಾಗಿತ್ತು. ಸಂಶೋಧನಾ ವಿದ್ಯಾರ್ಥಿಗಳು ಸಾಲಾಗಿ ನಿಂತಿದ್ದರು. ಸೊಣ್ಣಪ್ಪ ಯಾರನ್ನೂ ತಲೆಯೆತ್ತಿ ನೋಡಲಿಲ್ಲ. ಪ್ರಬಂಧದ ವಿಷಯ ಕೇಳಲಿಲ್ಲ. "ರೇಪು ರಾಂಡಿ" ಎಂದು ಎಲ್ಲರನ್ನೂ ನಾಳೆ ಬರಲು ಹೇಳಿ ಕಳಿಸಿದ. ಉಪ ಕುಲಸಚಿವರ ಕೆಲಸವನ್ನು ಅವನಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಸಂಜೆ ಕದಿರೇಶ ಮನೆಗೆ ಹೋದಾಗ ಹೆಂಡತಿ ವೆಂಕಟಲಕ್ಷ್ಮಿಗೆ ಸುದ್ದಿ ಮುಂಚೆಯೇ ತಲುಪಿತ್ತು.

"ನಿಮ್ಮನ್ನ ತೋಟಕ್ಕೆ ಹಾಕಿದಾರಂತೆ?"

"ಯಾರೂ ಹಾಕಿಲ್ಲ ಕಣೇ. ನಾನೇ ಹಾಕ್ಕೊಂಡೆ."

"ನಮ್ಮನೆ ತುಳಸಿಗೇ ಒಂದಿನ ನೀರು ಹಾಕಿದೋರಲ್ಲ. ಯೂನಿವರ್ಸಿಟಿ ಗಿಡಗಳ ಗತಿ ಏನು?" ಅಂದಳು ವೆಂಕಟಲಕ್ಷ್ಮಿ. ಅವಳ ಕಾಳಜಿಯೆಲ್ಲ ಗಿಡಗಳ ಮೇಲೆಯೇ ಇತ್ತು.

ಬೆಳಗಾದ ಕೂಡಲೆ ಕದಿರೇಶ ಮಾಲೂರಿನ ಬಸ್ಸು ಹತ್ತಿದ. ಶಹಬಾಜನ ಪಾಸ್‌ವರ್ಡ್ ಅವನಿಗೆ ಗೊತ್ತಿತ್ತು. ಆದರೆ ಪಾಸ್‌ವರ್ಡ್ ಹಾಕಿದರೆ ಮಿಷನ್ ಒಂದು ಓಟಿಪಿ ಕಳಿಸುತ್ತದೆ, ಅದು ಹೋಗುವುದು ಶಹಬಾಜನ ಫೋನಿಗೆ.

ಮನೆಯಲ್ಲಿ ಶಹಬಾಜನ ತಾಯಿ ಅಸ್ಗರಿ ಹೊಲಿಗೆ ಮಿಷನ್ನಿನ ಮುಂದೆ ಕುಳಿತು ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುತ್ತಿದ್ದರು. ತರನ್ನುಮ್ ವಿಷಯ ಕೇಳಿ, ಬೀರುವಿನಿಂದ ಫೋನ್ ತಂದಳು. ಅದು ಪೂರ್ತಿ ಚಾರ್ಜ್ ಆಗಿತ್ತು.

"ಇದು ಇನ್ನೂ ಚಾಲೂ ಇದೆಯಾ ಭಾಭಿ?" ಎಂದು ಕದಿರೇಶ ಕೇಳಿದ.

"ರೀಚಾರ್ಜ್ ಮಾಡಿಸ್ತೀನಿ" ಅಂದಳು. ಯಾಕೆ ಎಂದು ಹೇಳಲಿಲ್ಲ. ಬೇರೆ ಪ್ರಶ್ನೆ ಕೇಳಿದಳು. "ಪದ್ಮಶ್ರೀ ಮೇಡಂ ಇವರ ಹೆಸರಲ್ಲಿ ಏನೂ ನಡೀಬಾರ್ದು ಅಂದಿದ್ರಲ್ಲ. ಇದ್ರಿಂದ ನನ್ನ ಫೈಲಿಗೆ ಏನಾದ್ರೂ ಆಗುತ್ತಾ?"

ಕದಿರೇಶ ಕಂಪ್ಯೂಟರ್ ಗೊತ್ತಿದ್ದವರು ನಗುವ ಹಾಗೆ ನಕ್ಕ. "ಅದು ಕಾಗದದ್ದು ಭಾಭಿ, ಇದು ಗಾಳೀಲಿ ಹೋಗೋದು. ಫೈಲೂ ಲಾಗಿನ್ನೂ ಒಂದಿನಾನೂ ಒಂದ್ರ ಮುಖ ಒಂದು ನೋಡಿಲ್ಲ. ಇದೊಂದೇ ಸಲ, ನನ್ನ ಹೆಸರು ವಾಪಸ್ ಸೇರಿಸ್ಕೊಂಡುಬಿಡ್ತೀನಿ. ಆಮೇಲೆ ನಿಮಗೆ ತೊಂದ್ರೆ ಕೊಡಲ್ಲ."

ಫೋನ್ ಕುಂಯ್ ಎಂದಿತು. ಹೊಲಿಗೆ ಮಿಷನ್ ನಿಂತಿತು.

"ಕೌನ್ ಮಾ?" ಅಂದರು ಅಸ್ಗರಿ.

"ಯೂನಿವರ್ಸಿಟಿಯಿಂದ ಅಮ್ಮೀ. ಇವರಿಗೆ ನಂಬರ್ ಕಳ್ಸಿದಾರೆ."

"ಈಗಾ?" ಅಸ್ಗರಿ ಕದಿರೇಶನ ಕಡೆ ತಿರುಗಿದರು. "ಏನ್ ಬೇಟಾ, ಜೀವ ಇದ್ದಾಗ ಅವನಿಗೆ ಒಂದು ಮೆಸೇಜ್ ಕಳ್ಸಿಲ್ಲ ನಿಮ್ಮೋರು. ಈಗ ಅವನಿಲ್ದೆ ನಡೆಯಲ್ವಾ?"

"ನಡೆಯಲ್ಲ ಅಮ್ಮಾ" ಅಂದ ಕದಿರೇಶ. ಈ ಕಥೆಯಲ್ಲಿ ಅವನು ತಪ್ಪಿಲ್ಲದೆ ಆಡಿದ ಮೊದಲ ಮಾತು ಇದು.

ಶಹಬಾಜನ ಹೆಸರಿನಲ್ಲಿ ಒಳಹೋಗಿ, ಕದಿರೇಶ ತನ್ನನ್ನು ನಿರ್ವಾಹಕರ ಗುಂಪಿಗೆ ಸೇರಿಸಿಕೊಂಡ. ಕೋದಂಡರಾಮಪ್ಪನವರನ್ನು ರೇಷ್ಮೆಹುಳಗಳಿಂದ ಬಿಡಿಸಿದ. ಚಹಾ ಕುಡಿದು, ಬಸ್ಸು ಹತ್ತಿ, ಕೋಲಾರದಲ್ಲಿಳಿಯುವಾಗ ಹನ್ನೆರಡು ದಾಟಿತ್ತು. ಮಿಷನ್ ಮತ್ತೊಮ್ಮೆ ಪಟ್ಟಿ ನೋಡಿ ತಪ್ಪುಗಳನ್ನೆಲ್ಲ ತಿದ್ದಿತ್ತು. ಕದಿರೇಶ ತೋಟದಲ್ಲಿದ್ದ. ಕುಲಸಚಿವರು ಗೂಡಿನಲ್ಲಿದ್ದರು.

ಹೀಗಾಗಿ ಅದೊಂದು ದಿನಚರಿಯಾಯಿತು. ಪ್ರತಿದಿನ ಹನ್ನೊಂದಕ್ಕೆ ಕದಿರೇಶ ಮಾಲೂರಿಗೆ ಫೋನ್ ಮಾಡುವನು. ತರನ್ನುಮ್ ತನ್ನ ಕಿವಿಗೆ ತನ್ನ ಫೋನ್ ಹಿಡಿದು, ಗಂಡನ ಫೋನ್ ನೋಡಿ ನಂಬರ್ ಓದುವಳು. ಕದಿರೇಶ ಒಳಹೋಗಿ ಎಲ್ಲರನ್ನೂ ಅವರವರ ಜಾಗಕ್ಕೆ ತಂದು ಕೂರಿಸುವನು. ಒಂದು ಗಂಟೆಯ ಕಾಲ ವಿಶ್ವವಿದ್ಯಾಲಯ ಇದ್ದ ಹಾಗೆ ಇರುವುದು. ಹನ್ನೆರಡಕ್ಕೆ ಮತ್ತೆ ಪಟ್ಟಿಯಲ್ಲಿದ್ದ ಹಾಗೆ ಆಗುವುದು.

"ನನ್ನ ಫೈಲು?" ಎಂದು ತರನ್ನುಮ್ ನಂಬರ್ ಓದಿದ ಮೇಲೆ ಕೇಳುವಳು.

"ಸಭೆಗೆ ಹೋಗುತ್ತೆ ಭಾಭಿ. ನೀವು ಆರಾಮಾಗಿರಿ."

ಒಂದು ದಿನ ಅವನು ಕರೆ ಮಾಡುವುದು ತಡವಾಯಿತು. ಅವಳೇ ಮಾಡಿದಳು. "ಇವತ್ತು ನಂಬರ್ ಬಂದಿಲ್ಲ. ಅಮ್ಮೀ ಆಗಲೇ ಎರಡ್ಸಲ ಕೇಳಿದ್ರು" ಅಂದಳು.

ಸಮಿತಿ ಬಂದ ದಿನ ಕೋದಂಡರಾಮಪ್ಪನವರು ಬೆಳಗಿನಿಂದ ಏನೂ ತಿಂದಿರಲಿಲ್ಲ. ಅವರು ಕದಿರೇಶನನ್ನು ಪಕ್ಕಕ್ಕೆ ಕರೆದು, "ಹನ್ನೊಂದರಿಂದ ಹನ್ನೆರಡರ ಒಳಗೆ ಭಂಡಾರ ತೋರಿಸಿ ಮುಗಿಸಿಬಿಡು. ಹನ್ನೆರಡು ಹೊಡೆದ್ರೆ ನೀನೂ ಇಲ್ಲ, ನಾನೂ ಇಲ್ಲ" ಅಂದರು. ಸಮಿತಿಯವರು ಉಪ್ಪಿಟ್ಟು, ಕಾಫಿ, ಹಾರ, ಫೋಟೋ ಎಲ್ಲ ಮುಗಿಸಿ ಗ್ರಂಥಾಲಯಕ್ಕೆ ಬಂದಾಗ ಹನ್ನೆರಡೂಕಾಲು.

ಸಮಿತಿಯ ಅಧ್ಯಕ್ಷರು ಧಾರವಾಡದ ಕಡೆಯ ಹಿರಿಯ ಪ್ರಾಧ್ಯಾಪಕರು. ಒಂದು ಕೈಯಲ್ಲಿ ಸಿಬ್ಬಂದಿ ಪಟ್ಟಿ ಹಿಡಿದು ಪರದೆಯ ಮುಂದೆ ಕುಳಿತರು. ಒಂದು ಹೆಸರು ಪಟ್ಟಿಯಲ್ಲಿ ನೋಡುವರು, ಅದೇ ಹೆಸರು ಪರದೆಯಲ್ಲಿ ನೋಡುವರು. ಕೋದಂಡರಾಮಪ್ಪನವರು ಗೋಡೆ ಹಿಡಿದುಕೊಂಡರು. ಕದಿರೇಶ ಮನೆದೇವರ ಹೆಸರು ನೆನಪಿಸಿಕೊಳ್ಳಲು ಪ್ರಯತ್ನಿಸಿದ.

ಅಧ್ಯಕ್ಷರು ಕನ್ನಡಕ ತೆಗೆದರು. "ನಾ ಇಪ್ಪತ್ತು ಯೂನಿವರ್ಸಿಟಿ ನೋಡೀನ್ರಿ. ಪಟ್ಟಿ ಒಂದ್ ಹೇಳ್ತದ, ಕಂಪ್ಯೂಟರ್ ಒಂದ್ ಹೇಳ್ತದ. ಕಾಗದಕ್ಕೂ ಪರದೆಗೂ ಒಂದಕ್ಷರ ಫರಕ್ ಇಲ್ಲದ್ದು ಇಲ್ಲೇ ನೋಡಿದ್ದು. ಭಾಳ ಛಲೋ ಆತು."

ಕೋದಂಡರಾಮಪ್ಪನವರು ಗೋಡೆಯನ್ನು ಬಿಟ್ಟರು.

"ಉಪ ಕುಲಸಚಿವರು ಎಲ್ಲಿ ಕೂಡ್ತಾರ್ರಿ?" ಎಂದರು ಅಧ್ಯಕ್ಷರು.

"ಅವರು ಗೇಟ್ ಹತ್ರ ಸಾರ್" ಅಂದ ಕದಿರೇಶ, ಬಾಯಿ ತಡೆಯದೆ.

"ವಿದ್ಯಾರ್ಥಿಗಳಿಗೆ ಹತ್ರ ಸಿಗ್ಲಿ ಅಂತ" ಎಂದು ಕೋದಂಡರಾಮಪ್ಪನವರು ಸೇರಿಸಿದರು. ಅಧ್ಯಕ್ಷರು ಅದನ್ನು ಬರೆದುಕೊಂಡರು.

"ಮತ್ತ ಈ ನಿರ್ವಾಹಕರು, ಶಹಬಾಜ್ ಅಂತ. ದಿನಾ ಹನ್ನೊಂದಕ್ಕ ಬಂದಾರ ನೋಡ್ರಿ. ಒಂದಿನಾ ತಪ್ಪಿಲ್ಲ, ಭಾನುವಾರನೂ ಬಿಟ್ಟಿಲ್ಲ. ಇಂಥಾ ಮನಷ್ಯಾ ಈ ಕಾಲದಾಗ ಎಲ್ಲಿ ಸಿಗ್ತಾನ್ರಿ? ಕರೀರಿ, ಒಂದು ಕೈ ಕೊಟ್ಟು ಹೋಗ್ತೀನಿ."

ಕದಿರೇಶ ಕೋದಂಡರಾಮಪ್ಪನವರ ಕಡೆ ನೋಡಿದ.

"ಮುಳಬಾಗಿಲಿಗೆ ಹೋಗಿದಾರೆ ಸಾರ್" ಅಂದರು ಕೋದಂಡರಾಮಪ್ಪನವರು. "ಅವರ ಹುದ್ದೆ ಅಲ್ಲಿದೆ."

ಸಮಿತಿ ಒಳ್ಳೆಯ ಅಂಕ ಕೊಟ್ಟು ಹೋಯಿತು. ವರದಿಯಲ್ಲಿ ಶಹಬಾಜನ ಶ್ರದ್ಧೆಗೆ ಒಂದು ಪ್ಯಾರಾ ಮೀಸಲಾಗಿತ್ತು. ಅದರ ಮಾರನೆ ವಾರ ಸಿಂಡಿಕೇಟ್ ಸಭೆ ನಡೆಯಿತು. ತರನ್ನುಮ್ ಮಾಲೂರಿನ ಮೊದಲ ಬಸ್ಸಿಗೇ ಬಂದು ಬೆಂಚಿನ ಮೇಲೆ ಕುಳಿತಿದ್ದಳು. ಸಭೆ ಮುಗಿಸಿ ಬಂದ ಪದ್ಮಶ್ರೀ ಅವಳನ್ನು ನೋಡದೆ ಒಳಹೋದರು. ಆಮೇಲೆ ಅವಳನ್ನೂ ಕದಿರೇಶನನ್ನೂ ಕರೆಸಿದರು.

"ಸದರಿ ನೌಕರರು ಪ್ರತಿದಿನ ತಪ್ಪದೆ ಕಾರ್ಯನಿರ್ವಹಿಸುತ್ತಿರುವುದು ಸಮಿತಿಯ ವರದಿಯಿಂದಲೇ ತಿಳಿದುಬರುವುದರಿಂದ, ಅನುಕಂಪದ ಪ್ರಶ್ನೆ ಉದ್ಭವಿಸುವುದಿಲ್ಲ" ಎಂದು ಓದಿ, ಕಾಗದ ಕೆಳಗಿಟ್ಟರು.

ತರನ್ನುಮ್ ಚೀಲದಿಂದ ಮರಣ ಪ್ರಮಾಣಪತ್ರ ತೆಗೆದು ಮೇಜಿನ ಮೇಲಿಟ್ಟಳು. ಮಡಚಿ ಮಡಚಿ ಅದು ನಾಲ್ಕು ಚೂರಾಗುವ ಹಾಗಿತ್ತು.

"ಇದು ಎರಡು ವರ್ಷದ ಹಿಂದಿಂದಮ್ಮ" ಅಂದರು ಪದ್ಮಶ್ರೀ. "ಲಾಗಿನ್ ಇವತ್ತು ಬೆಳಿಗ್ಗೆದು. ಎರಡು ದಾಖಲೆ ಇದ್ರೆ ಹೊಸದನ್ನೇ ಹಿಡೀಬೇಕು ಅಂತ ನಿಯಮ. ನಾನೇನ್ ಮಾಡ್ಲಿ ಹೇಳು. ಒಂದು ಸೊಳ್ಳೆನೂ ಅಲ್ಲಾಡಬಾರ್ದು ಅಂತ ಇವನಿಗೆ ಹೇಳಿದ್ನಾ ಇಲ್ವಾ?"

ಕದಿರೇಶ ಕುಲಸಚಿವರ ಕೋಣೆಗೆ ಓಡಿದ. "ಸಾರ್, ಲಾಗಿನ್ ಆಗಿದ್ದು ಶಹಬಾಜ್ ಅಲ್ಲ, ನಾನು. ಹಾಗಂತ ಬರ್ಕೊಡ್ತೀನಿ ಸಾರ್."

"ಏನಂತ ಬರೀತೀಯ? ತೋಟದೋನು ಸತ್ತೋನ ಹೆಸರಲ್ಲಿ ಭಂಡಾರಕ್ಕೆ ನುಗ್ಗಿದ ಅಂತಾನಾ? ನೀನು ಜೈಲಿಗೆ, ಅಂಕ ವಾಪಸ್ಸು."

"ಹಾಗಾದ್ರೆ ಪಟ್ಟಿಲಿ ಅವರ ಹೆಸರೊಂದು ತೆಗೆಸಿಬಿಡಿ ಸಾರ್."

ಕೋದಂಡರಾಮಪ್ಪನವರು ಬಾಗಿಲು ಹಾಕಿ ಬಂದು ಕುಳಿತರು. "ಪಟ್ಟಿ ಅನ್ನೋದು ಹಳೇ ಸ್ವೆಟರ್ ಇದ್ದ ಹಾಗೆ ಕಣಯ್ಯ. ಒಂದು ದಾರ ಎಳೆದ್ರೆ ಪೂರ್ತಿ ಬಿಚ್ಚಿಕೊಳ್ಳುತ್ತೆ. ಶಹಬಾಜ್ ತೆಗಿ ಅಂದ್ರೆ ಸೊಣ್ಣಪ್ಪ ಯಾಕೆ ಅಲ್ಲಿ ಅಂತಾರೆ. ಸೊಣ್ಣಪ್ಪ ತೆಗೆದ್ರೆ ನಾನ್ಯಾಕೆ ಇಲ್ಲಿ ಅಂತಾರೆ. ನನಗಿನ್ನು ಎರಡು ವರ್ಷ ಸರ್ವೀಸ್ ಇದೆ, ಶ್ರೀನಿವಾಸಪುರಕ್ಕೆ ಹೋಗಿ ಹುಳ ಸಾಕ್ಲಾ? ಪಟ್ಟೀನೂ ಮುಟ್ಟಬೇಡ, ಮಿಷನ್ನೂ ಮುಟ್ಟಬೇಡ."

ಕದಿರೇಶ ಗ್ರಂಥಾಲಯಕ್ಕೆ ಬಂದ. ತರನ್ನುಮ್ ಅಲ್ಲಿ, ಶಹಬಾಜ್ ಕೂರುತ್ತಿದ್ದ ಕಂಪ್ಯೂಟರಿನ ಮುಂದೆ ನಿಂತಿದ್ದಳು. ಕುರ್ಚಿಯಲ್ಲಿ ಕೂತಿರಲಿಲ್ಲ. ಅವನಿಗೆ ಒಂದು ಉಪಾಯ ಹೊಳೆಯಿತು. ಕದಿರೇಶನಿಗೆ ಉಪಾಯ ಹೊಳೆದಾಗಲೆಲ್ಲ ಯಾರಿಗಾದರೂ ಕೇಡಾಗಿತ್ತು, ಆದರೆ ಇದನ್ನು ಅವನಿಗೆ ಹೇಳುವವರು ಯಾರೂ ಹತ್ತಿರದಲ್ಲಿರಲಿಲ್ಲ.

"ಭಾಭಿ, ಯಾರ ಸೇವೆ ಏನಾಗಿದೆ ಅಂತ ನಿರ್ವಾಹಕರು ಬದಲಾಯಿಸ್ಬೋದು. ಸೇವೆಯಲ್ಲಿ, ನಿವೃತ್ತ, ದಿವಂಗತ ಅಂತ ಮೂರು ಇರುತ್ತೆ. ನಿರ್ವಾಹಕರು ಶಹಬಾಜ್ ಅಣ್ಣನೇ. ಅವರೇ ಲಾಗಿನ್ ಆಗಿ, ಅವರ ಹೆಸರ ಮುಂದೆ ದಿವಂಗತ ಅಂತ ಹಾಕ್ಕೊಂಡುಬಿಟ್ರೆ? ಅದೂ ದಾಖಲೆನೇ. ಎಲ್ಲಾದಕ್ಕಿಂತ ಹೊಸದು."

ತರನ್ನುಮ್ ಚೀಲದಿಂದ ಗಂಡನ ಫೋನ್ ತೆಗೆದಳು. ಅದನ್ನು ಈಗ ಜೊತೆಯಲ್ಲೇ ಇಟ್ಟುಕೊಂಡು ತಿರುಗುತ್ತಿದ್ದಳು. ನಂಬರ್ ಬಂತು, ಓದಿದಳು. ಕದಿರೇಶ ಒಳಹೋಗಿ, ಹೆಸರು ಹುಡುಕಿ, ಮೌಸ್ ಹಿಡಿದ. ಬಾಣ 'ನಿವೃತ್ತ'ದ ಮೇಲೆ ಹೋಗಿ ನಿಂತಿತು.

"ಬಿಡಿ, ನಾನು ಮಾಡ್ತೀನಿ" ಅಂದಳು ತರನ್ನುಮ್. ಬಗ್ಗಿ, ಮೂರನೆಯದನ್ನು ಒತ್ತಿದಳು. 'ಖಚಿತವೇ?' ಎಂದು ಮಿಷನ್ ಕೇಳಿತು. ಹೌದು ಎಂದು ಒತ್ತಿದಳು.

ಅರ್ಧ ಗಂಟೆಯ ಕಾಲ ಅಂತರಗಂಗೆ ವಿಶ್ವವಿದ್ಯಾಲಯದಲ್ಲಿ ಶಹಬಾಜ್ ಸತ್ತಿದ್ದ. ಅವಳು ಅಲ್ಲೇ ನಿಂತು, ಆ ಒಂದು ಪದದ ಚಿತ್ರವನ್ನು ತನ್ನ ಫೋನಿನಲ್ಲಿ ತೆಗೆದುಕೊಂಡಳು. ಹನ್ನೆರಡು ಹೊಡೆಯಿತು. ಮಿಷನ್ ಪಟ್ಟಿ ನೋಡಿತು. ಅವಳ ಕೈಯಲ್ಲಿದ್ದ ಗಂಡನ ಫೋನ್ ಕುಂಯ್ ಎಂದಿತು.

'ಸ್ವಾಗತ, ಶಹಬಾಜ್. ನಿಮ್ಮ ಖಾತೆ ಸಿದ್ಧವಾಗಿದೆ.'

ಕದಿರೇಶ ತಲೆಯೆತ್ತಲಿಲ್ಲ. ತರನ್ನುಮ್ ಆ ಸಂದೇಶವನ್ನು ಅಳಿಸಲೂ ಇಲ್ಲ.

ಮಿಷನ್ನಿಗೆ ಒಂದು ಒಳ್ಳೆಯ ಗುಣವಿತ್ತು. ಏನೇ ತಪ್ಪು ಸಿಕ್ಕರೂ ಅದನ್ನು ತಿದ್ದಿ ಸುಮ್ಮನಾಗದೆ, ಸಿಬ್ಬಂದಿ ಶಾಖೆಗೂ ತಿಳಿಸುತ್ತಿತ್ತು. ನಾಲ್ಕು ದಿನ ಬಿಟ್ಟು ತರನ್ನುಮ್‌ಗೆ ಕರೆ ಬಂತು, ಬಂದು ಒಂದು ಕಾಗದ ತೆಗೆದುಕೊಂಡು ಹೋಗಬೇಕೆಂದು. ಅವಳು ಬಂದಳು. ಅಸ್ಗರಿಯವರೂ ಜೊತೆಗೆ ಬಂದಿದ್ದರು, ಆದೇಶದ ಕಾಗದವೇ ಇರಬಹುದೆಂದು ಒಳ್ಳೆಯ ಬುರ್ಖಾ ಹಾಕಿಕೊಂಡು.

ಅದು ಕಾರಣ ಕೇಳುವ ನೋಟೀಸು. ಶಹಬಾಜ್ ಅವರಿಗೆ. 'ತಾವು ಸೇವೆಯಲ್ಲಿದ್ದರೂ, ನಿರ್ವಾಹಕರ ಅಧಿಕಾರವನ್ನು ದುರುಪಯೋಗಪಡಿಸಿಕೊಂಡು, ತಾವು ಮೃತರಾಗಿರುವುದಾಗಿ ಸುಳ್ಳು ಮಾಹಿತಿ ದಾಖಲಿಸಿರುತ್ತೀರಿ. ತಮ್ಮ ಮೇಲೆ ಯಾಕೆ ಶಿಸ್ತು ಕ್ರಮ ಕೈಗೊಳ್ಳಬಾರದೆಂಬುದಕ್ಕೆ ಕಾರಣವನ್ನು ತಮ್ಮ ಖಾತೆಯ ಮೂಲಕವೇ ಸಲ್ಲಿಸತಕ್ಕದ್ದು.'

"ಕ್ಯಾ ಲಿಖೇ ಮಾ?" ಎಂದು ಅಸ್ಗರಿ ಕೇಳಿದರು.

"ಇವರು ಯಾಕೆ ಸತ್ರು ಅಂತ ಕೇಳಿದಾರೆ ಅಮ್ಮೀ."

ಅಸ್ಗರಿ ಪದ್ಮಶ್ರೀಯವರನ್ನು ನೋಡಿದರು. "ಲಾರಿ ಗುದ್ದಿತ್ತಮ್ಮ" ಅಂದರು ಮೆಲ್ಲಗೆ, ಗೊತ್ತಿಲ್ಲದವರಿಗೆ ಹೇಳುವ ಹಾಗೆ.

ಪದ್ಮಶ್ರೀ ಬಹಳ ಹೊತ್ತು ಪೆನ್ನಿನ ಮುಚ್ಚಳ ಹುಡುಕಿದರು. ಅದು ಪೆನ್ನಿನ ಹಿಂದೆಯೇ ಇತ್ತು. "ತಲುಪಿದೆ ಅಂತ ಇಲ್ಲೊಂದು ಸೈನ್ ಹಾಕಮ್ಮ" ಅಂದರು. "ಉತ್ತರ ಕೊಡ್ಲಿಲ್ಲ ಅಂದ್ರೆ ಸಸ್ಪೆಂಡ್ ಮಾಡ್ತಾರೆ, ಆಮೇಲೆ ವಜಾ ಮಾಡ್ತಾರೆ. ಆಗ ಹುದ್ದೆ ಖಾಲಿ ಆಗೇ ಆಗುತ್ತೆ. ಆದ್ರೆ ವಜಾ ಆದೋರ ಮನೆಯವ್ರಿಗೆ ಅನುಕಂಪ ಇಲ್ಲ."

ತರನ್ನುಮ್ ಸಹಿ ಹಾಕಿದಳು. ಪಕ್ಕದಲ್ಲಿ 'ನೌಕರರಿಗೆ ಏನಾಗಬೇಕು' ಎಂಬ ಕಡೆ ಪೆನ್ನು ನಿಂತಿತು.

"ಹೆಂಡತಿ ಅಂತ ಬರೀಲಾ ಮೇಡಂ, ಏನ್ ಬರೀಲಿ?"

ಪದ್ಮಶ್ರೀಯವರಿಗೆ ಎಲ್ಲ ನಿಯಮಗಳೂ ಬಾಯಿಪಾಠ. ಇದಕ್ಕೊಂದು ನಿಯಮ ಅವರಿಗೆ ಸಿಗಲಿಲ್ಲ. ತರನ್ನುಮ್ ಆ ಜಾಗವನ್ನು ಹಾಗೇ ಬಿಟ್ಟು ಎದ್ದಳು.

ಕದಿರೇಶ ಇಬ್ಬರನ್ನೂ ಬಸ್ ನಿಲ್ದಾಣದ ತನಕ ಕರೆದುಕೊಂಡು ಹೋದ. ಮಾಲೂರಿನ ಬಸ್ಸು ಹೊರಡುವುದರಲ್ಲಿತ್ತು. ಇಬ್ಬರನ್ನೂ ಹತ್ತಿಸಿ, ಅವನು ತರನ್ನುಮ್ ಕುಳಿತ ಕಿಟಕಿಯ ಕೆಳಗೆ ಬಂದು ನಿಂತ.

"ಭಾಭಿ, ಉತ್ತರ ಅವರ ಲಾಗಿನ್ನಿಂದಾನೇ ಹೋಗ್ಬೇಕಂತೆ."

"ನಂಬರ್ ಹೇಳ್ತೀನಿ. ನೀವೇ ಬರೀರಿ."

"ಏನಂತ ಬರೀಲಿ?"

ತರನ್ನುಮ್ ಚೀಲವನ್ನು ಮಡಿಲಿಗೆ ಎಳೆದುಕೊಂಡಳು. "ಇನ್ಮೇಲೆ ಬರೋಕಾಗಲ್ಲ ಅಂತ ಬರೀರಿ" ಅಂದಳು.

ಕಂಡಕ್ಟರು ಸೀಟಿ ಊದಿದ. ಬಸ್ಸು ಚಲಿಸಿತು. ಕದಿರೇಶ ಕಿಟಕಿಯ ಜೊತೆಗೇ ನಾಲ್ಕು ಹೆಜ್ಜೆ ಓಡಿದ.

"ಅಷ್ಟಕ್ಕೇ ಬಿಡಲ್ಲ ಭಾಭಿ" ಅಂದ. "ಕಾರಣ ಕೇಳ್ತಾರೆ."